ಮಳೆಗಾಲದ ಮಲೆನಾಡಿನಲ್ಲಿ ದೊಣ್ಣೆ ಮೆಣಸಿನಕಾಯಿ: ಮನೆಯಂಗಳದ ಹಸಿರುಮನೆಯಲ್ಲಿ ಬೀಜದಿಂದ ಕೊಯ್ಲಿನವರೆಗೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ರೈತರ ಮನೆಯಲ್ಲಿ ಅಡಿಕೆ, ಕಾಫಿ, ಕಾಳುಮೆಣಸು, ಭತ್ತ ಇವಕ್ಕೆ ಕೊರತೆಯಿಲ್ಲ. ಆದರೆ ಆರಿದ್ರಾ ಮಳೆ ಹಿಡಿಯಿತೆಂದರೆ ತರಕಾರಿಗೆ ಬರ ಬಂದಂತೆಯೇ. ಬಾಳೆ ನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ, ಹಿತ್ತಲಿನ ಕೆಸು, ಕಾಡಿನ ಕಳಲೆ, ಕೂಡಿಟ್ಟ ಹಲಸಿನ ಬೀಜ ಇವುಗಳಲ್ಲಿ ಮೂರು ತಿಂಗಳು ಕಳೆಯುವುದು ಹಿಂದಿನಿಂದ ಬಂದ ರೂಢಿ. ಉಳಿದ ತರಕಾರಿಯೆಲ್ಲ ಬಯಲುಸೀಮೆಯಿಂದ ಲಾರಿಯಲ್ಲಿ ಬರಬೇಕು. ಬಂದದ್ದು ಬಾಡಿರುತ್ತದೆ, ಬೆಲೆಯೂ ಏರಿರುತ್ತದೆ.

ಹೀಗಿರುವಾಗ ಮಳೆಗಾಲದಲ್ಲಿಯೇ ಮನೆಯಂಗಳದಲ್ಲಿ ಖಾರವಿಲ್ಲದ ದೊಣ್ಣೆ ಮೆಣಸಿನಕಾಯಿಯನ್ನು ಬೆಳೆದುಕೊಳ್ಳಲು ಸಾಧ್ಯವೇ ಎಂದು ಅನೇಕರು ಕೇಳುತ್ತಾರೆ. ಸಾಧ್ಯವಿದೆ. ಆದರೆ ಇದಕ್ಕೆ ಕೈಹಾಕಿದವರಲ್ಲಿ ಹಲವರು ಮೊದಲ ವರ್ಷವೇ ಗಿಡಗಳನ್ನೆಲ್ಲ ಕಳೆದುಕೊಂಡು ಬೇಸತ್ತಿದ್ದಾರೆ. ಅವರು ಸೋತದ್ದು ಶ್ರಮ ಕಡಿಮೆಯಾಗಿ ಅಲ್ಲ. ಹಸಿರುಮನೆ ಯಾವ ಕೆಲಸಕ್ಕೆ ಎಂಬುದನ್ನು ತಪ್ಪು ತಿಳಿದದ್ದೇ ಕಾರಣ. ಆ ತಪ್ಪನ್ನು ಈ ಲೇಖಕನೂ ಮಾಡಿದ್ದುಂಟು.

ಹಸಿರುಮನೆ ನಮಗೆ ಕೊಡೆ, ಕಂಬಳಿಯಲ್ಲ

ಚಳಿ ದೇಶಗಳಲ್ಲಿ ಗಾಜಿನ ಮನೆ ಕಟ್ಟುವುದು ಗಿಡವನ್ನು ಬೆಚ್ಚಗಿಡುವುದಕ್ಕಾಗಿ. ಅಲ್ಲಿ ಬಿಸಿ ಗಾಳಿ ಹೊರಗೆ ಹೋಗದಂತೆ ನಾಲ್ಕೂ ಕಡೆ ಮುಚ್ಚುತ್ತಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಉಷ್ಣತೆ ಈ ಬೆಳೆಗೆ ತಾನಾಗಿಯೇ ಹಿತಕರವಾಗಿದೆ. ಹಗಲು 32 ಡಿಗ್ರಿ ಸೆಲ್ಸಿಯಸ್ ಮೀರದೆ, ರಾತ್ರಿ 16ರಿಂದ 20 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ. ನಮ್ಮ ಶತ್ರು ಚಳಿಯಲ್ಲ, ನೀರು. ಶೃಂಗೇರಿಯ ಕಡೆ ವರ್ಷದ ಮಳೆ 3,000 ಮಿ.ಮೀ. ಮೀರುತ್ತದೆ. ಪೂರ್ವಕ್ಕೆ ಸರಿದು ಭದ್ರಾ ಹಿನ್ನೀರಿನ ನರಸಿಂಹರಾಜಪುರಕ್ಕೆ ಬಂದರೆ ಗಣನೀಯವಾಗಿ ಕಡಿಮೆಯಾಗುತ್ತದೆ. ಆದರೂ ಬಯಲಿನಲ್ಲಿ ನೆಟ್ಟ ದೊಣ್ಣೆ ಮೆಣಸಿನ ಬೇರು ಕೊಳೆಯುವುದಕ್ಕೆ ಅಷ್ಟು ಮಳೆ ಧಾರಾಳ.

ಆದ್ದರಿಂದ ಇಲ್ಲಿ ಬೇಕಾದದ್ದು ಮೇಲೆ ಭದ್ರವಾದ ಚಾವಣಿ, ಪಕ್ಕಗಳಲ್ಲಿ ಸದಾ ಓಡಾಡುವ ಗಾಳಿ. ಈ ಲೇಖಕನು ಕೊಪ್ಪದ ಸಮೀಪದ ತನ್ನ ಮನೆಯಂಗಳದಲ್ಲಿ ಮೊದಲ ಸಲ ಕಟ್ಟಿದ ಮನೆಗೆ ನಾಲ್ಕೂ ಕಡೆ ಪ್ಲಾಸ್ಟಿಕ್ ಹೊದಿಸಿದ್ದ. ಒಳಗೆ ಆವಿ ಕಟ್ಟಿ, ಹಾಳೆಯಿಂದ ಹನಿ ತೊಟ್ಟಿಕ್ಕಿ, ಹದಿನೈದು ದಿನದೊಳಗೆ ಸಸಿಗಳೆಲ್ಲ ಬುಡ ಕೊಳೆತು ಮಲಗಿದವು. ನೋಡಲು ಬಂದ ತಾಯಿ, “ಅಡಿಕೆ ಬೇಯ್ಸೋ ಹಂಡೆ ಮಾಡಿಟ್ಟಿದೀಯಲ್ಲ ಮಾರಾಯ” ಎಂದರು. ಪುಸ್ತಕದಲ್ಲಿ ಓದಿದ್ದಕ್ಕಿಂತ ಆ ಮಾತು ಚೆನ್ನಾಗಿ ಮನಸ್ಸಿಗೆ ನಾಟಿತು.

ಅಡಿಕೆ ಒಣಗಿಸುವ ಮನೆಯೇ ಸಾಕು

ನಮ್ಮ ಭಾಗದಲ್ಲಿ ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಮನೆಯನ್ನು ಹಲವರು ಕಟ್ಟಿಕೊಂಡಿದ್ದಾರೆ. ಅಡಿಕೆ ಸುಗ್ಗಿ ಅಕ್ಟೋಬರ್ ಸುಮಾರಿಗೆ ಶುರುವಾಗಿ ಚಳಿಗಾಲದ ಕೊನೆಗೆ ಮುಗಿಯುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಆ ಮನೆಯೂ, ಅಂಗಳವೂ ಬರಿದೇ ಬಿದ್ದಿರುತ್ತವೆ. ದೊಣ್ಣೆ ಮೆಣಸಿಗೆ ಚಾವಣಿ ಬೇಕಾದದ್ದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಗಿಡಗಳನ್ನು ಚೀಲದಲ್ಲಿ ಬೆಳೆಸಿದರೆ, ಮಳೆ ಹಿಂದೆಗೆದು ಅಡಿಕೆಗೆ ಜಾಗ ಬೇಕಾದಾಗ ಚೀಲಗಳನ್ನು ಹೊರಗಿನ ಬಿಸಿಲಿಗೆ ಇಡಬಹುದು. ಹೀಗೆ ಒಂದೇ ಚಾವಣಿ ಎರಡು ಬೆಳೆಗೆ ಒದಗುತ್ತದೆ. ಪಕ್ಕದ ಪ್ಲಾಸ್ಟಿಕ್ ಹಾಳೆಗಳನ್ನು ಮಾತ್ರ ಬಿಚ್ಚಿ ಸುತ್ತಿಡಬೇಕು.

ಹೊಸದಾಗಿ ಕಟ್ಟುವವರು 20 ಅಡಿ ಉದ್ದ, 10 ಅಡಿ ಅಗಲದ ಮನೆಯಿಂದ ಪ್ರಾರಂಭಿಸುವುದು ಸೂಕ್ತ. ಗಮನಿಸಬೇಕಾದ ಅಂಶಗಳು ಇವು:

1. ಜಾಗ: ದಿನವಿಡೀ ಬೆಳಕು ಬೀಳುವ ಅಂಗಳವೇ ಉತ್ತಮ. ತೋಟದ ಅಂಚಿನಲ್ಲಿ ಕಟ್ಟಿದರೆ ನೆರಳು ಬೀಳುವುದಲ್ಲದೆ, ಕಳಚಿ ಬೀಳುವ ಅಡಿಕೆ ಸೋಗೆ ಹಾಳೆಯನ್ನು ಹರಿಯುತ್ತದೆ.

2. ಚೌಕಟ್ಟು: ಬಲಿತ ಅಡಿಕೆ ಮರದ ಕಂಬ ಮತ್ತು ದಬ್ಬೆ ಸಾಕು. ಕಂಬದ ಬುಡಕ್ಕೆ ಟಾರು ಬಳಿಯಬೇಕು. ದಬ್ಬೆಯ ಸಿಬಿರನ್ನು ಕೆರೆದು ನುಣುಪು ಮಾಡದಿದ್ದರೆ ಗಾಳಿಗೆ ಹಾಳೆ ಉಜ್ಜಿ ತೂತಾಗುತ್ತದೆ.

3. ಎತ್ತರ: ಪಕ್ಕದಲ್ಲಿ 7 ಅಡಿ, ನಡುವೆ 9ರಿಂದ 10 ಅಡಿ. ಇಳಿಜಾರು ಕಡಿಮೆಯಾದರೆ ನೀರು ಹೊಂಡ ಕಟ್ಟಿ ಹಾಳೆ ಜೋತು ಬೀಳುತ್ತದೆ. ಚಾವಣಿ ಸುತ್ತಲೂ ಎರಡು ಅಡಿ ಹೊರಚಾಚಿರಲಿ.

4. ಹಾಳೆ: ಬಿಸಿಲಿಗೆ ಬೇಗ ಹಾಳಾಗದಂತೆ ಸಂಸ್ಕರಿಸಿದ, 200 ಮೈಕ್ರಾನ್ ಅಂದರೆ 800 ಗೇಜ್ ದಪ್ಪದ ಪಾರದರ್ಶಕ ಪಾಲಿಥಿನ್. ಇದು ಸಾಮಾನ್ಯವಾಗಿ ಮೂರು-ನಾಲ್ಕು ವರ್ಷ ಬಾಳುತ್ತದೆ. ಪಾಚಿ ಕಟ್ಟಿದರೆ ಬೆಳಕು ತಗ್ಗುವುದರಿಂದ ಪ್ರತಿವರ್ಷ ಮೇ ತಿಂಗಳಲ್ಲಿ ತೊಳೆಯಬೇಕು.

5. ಪಕ್ಕಗಳು: ಕೆಳಗಿನ ಎರಡು ಅಡಿಗೆ ಮಾತ್ರ ಪ್ಲಾಸ್ಟಿಕ್ ಕಟ್ಟಿ ನೆಲದ ಸಿಡಿಹನಿಯನ್ನು ತಡೆಯಬೇಕು. ಅದರ ಮೇಲೆ ಕೀಟ ತಡೆಯುವ 40 ಮೆಷ್ ಬಲೆ. ಪಡುವಣ ಗಾಳಿಯ ಇರಿಚಲು ಬರುವ ಕಡೆ ಇಳಿಬಿಡುವ ಪರದೆ ಇರಲಿ. ಗಾಳಿ ನಿಂತ ಕೂಡಲೇ ಪರದೆ ಎತ್ತಬೇಕು.

6. ಬಸಿಗಾಲುವೆ: ಒಂದೇ ದಿನ 100 ಮಿ.ಮೀ. ಮಳೆ ಬಂದರೆ ಚಾವಣಿಯ ಪ್ರತಿ 200 ಚದರಡಿಯಿಂದ ಸುಮಾರು 1,800 ಲೀಟರ್ ನೀರು ಇಳಿಯುತ್ತದೆ. ಅದು ಒಳಗೆ ನುಗ್ಗದಂತೆ ಸುತ್ತಲೂ ಒಂದು ಅಡಿ ಆಳದ ಕಾಲುವೆ ತೆಗೆಯಬೇಕು. ಒಂದು ಡ್ರಮ್ಮಿನಷ್ಟನ್ನು ಹಿಡಿದಿಟ್ಟರೆ ಗಿಡಗಳಿಗೆ ಶುದ್ಧ ನೀರು ಸಿಕ್ಕಂತಾಗುತ್ತದೆ.

ತಳಿಯ ಆಯ್ಕೆ

ಖಾರ ಕಡಿಮೆಯ ಮೆಣಸಿನಕಾಯಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಬ್ಯಾಡಗಿ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣಕ್ಕೆ ಹೆಸರಾದ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ದೊರೆತಿದೆ. ಆದರೆ ಅದು ಹಾವೇರಿ, ಧಾರವಾಡ ಕಡೆಯ ಕಪ್ಪು ನೆಲದ, ಹಣ್ಣಾಗಿಸಿ ಒಣಗಿಸುವ ಬೆಳೆ. ನಮ್ಮ ಮಳೆಯಲ್ಲಿ ಹಣ್ಣು ಒಣಗುವ ಬದಲು ಬೂಸಲು ಹಿಡಿಯುತ್ತದೆ. ಹಸಿಯಾಗಿಯೇ ಕೊಯ್ದು ಬಳಸುವ ದೊಣ್ಣೆ ಮೆಣಸಿನಕಾಯಿ ಮಳೆಗಾಲಕ್ಕೆ ಹೆಚ್ಚು ಹೊಂದುತ್ತದೆ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೋಹಿನಿ, ಅರ್ಕಾ ಗೌರವ, ಅರ್ಕಾ ಬಸಂತ್ ತಳಿಗಳು ಹಾಗೂ ಹಳೆಯ ಕ್ಯಾಲಿಫೋರ್ನಿಯಾ ವಂಡರ್ ತಳಿ ಮನೆ ಬಳಕೆಗೆ ಯೋಗ್ಯವಾಗಿವೆ. ಅರ್ಕಾ ಗೌರವ ತಳಿಗೆ ದುಂಡಾಣು ಸೊರಗು ರೋಗವನ್ನು ಸ್ವಲ್ಪಮಟ್ಟಿಗೆ ತಡೆದುಕೊಳ್ಳುವ ಗುಣವಿರುವುದರಿಂದ ನಮ್ಮ ಭಾಗಕ್ಕೆ ಅದಕ್ಕೇ ಪ್ರಾಶಸ್ತ್ಯ. ಇಂದ್ರ ಮುಂತಾದ ಸಂಕರಣ ತಳಿಗಳು ಹೆಚ್ಚು ಇಳುವರಿ ಕೊಡುತ್ತವೆಯಾದರೂ ಪ್ರತಿವರ್ಷ ಹೊಸ ಬೀಜ ಕೊಳ್ಳಬೇಕು. ಕೆಂಪು, ಹಳದಿ ಬಣ್ಣಕ್ಕೆ ತಿರುಗಿಸಿ ಕೊಯ್ಯುವ ಆಸೆ ಮಳೆಗಾಲದಲ್ಲಿ ಬೇಡ. ಕಾಯಿ ಗಿಡದಲ್ಲಿ ಹೆಚ್ಚು ವಾರ ನಿಂತಷ್ಟೂ ಕೊಳೆಯುವ ಸಂಭವ ಹೆಚ್ಚು.

ಮಣ್ಣು ಸಿದ್ಧಪಡಿಸುವುದು: ಮಾರ್ಚ್ ತಿಂಗಳ ಕೆಲಸ

ಮಲೆನಾಡಿನಲ್ಲಿ ಮೆಣಸು, ಬದನೆ, ಟೊಮೇಟೊ, ಶುಂಠಿ ಇವೆಲ್ಲಕ್ಕೂ ದೊಡ್ಡ ಪೀಡೆ ದುಂಡಾಣು ಸೊರಗು ರೋಗ. ಗಿಡ ಹಸಿರಾಗಿದ್ದಂತೆಯೇ ಒಂದೆರಡು ದಿನದಲ್ಲಿ ಬಾಡಿ ಸಾಯುತ್ತದೆ. ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿ, ಹರಿಯುವ ನೀರಿನೊಂದಿಗೆ ಹರಡುತ್ತದೆ. ರೋಗ ತಗಲಿದ ಗಿಡವನ್ನು ಬದುಕಿಸುವ ಔಷಧವಿಲ್ಲ. ಆದುದರಿಂದ ನೆಲದಲ್ಲಿ ನೆಡುವುದಕ್ಕಿಂತ ಚೀಲದಲ್ಲಿ ನೆಡುವುದೇ ಇಲ್ಲಿ ಬುದ್ಧಿವಂತಿಕೆ. ಒಂದು ಚೀಲದ ಗಿಡ ಸತ್ತರೆ ಅದನ್ನಷ್ಟೇ ಹೊರಹಾಕಬಹುದು.

ಕಾಫಿ ಸಸಿ ಮಾಡಿದ ಅನುಭವ ಇರುವವರಿಗೆ ಚೀಲ ತುಂಬುವ ಕೆಲಸ ಹೊಸದಲ್ಲ. ಕಾಫಿ ಸಸಿಗೆ ಆರು ಭಾಗ ಕಾಡುಮಣ್ಣು, ಎರಡು ಭಾಗ ಗೊಬ್ಬರ, ಒಂದು ಭಾಗ ಮರಳು ಬಳಸುತ್ತೇವೆ. ದೊಣ್ಣೆ ಮೆಣಸಿಗೆ ಗೊಬ್ಬರವೂ, ನೀರು ಬಸಿಯುವ ಗುಣವೂ ಇನ್ನಷ್ಟು ಬೇಕು. ಮೂರು ಭಾಗ ಮಣ್ಣು, ಎರಡು ಭಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಭಾಗ ಮರಳು ಸೇರಿಸಬೇಕು. ಶುಂಠಿ, ಬದನೆ, ಟೊಮೇಟೊ ಬೆಳೆದ ಜಾಗದ ಮಣ್ಣನ್ನು ಯಾವ ಕಾರಣಕ್ಕೂ ತರಬಾರದು. ಹಸಿ ಸೊಪ್ಪು ಇನ್ನೂ ಕಾಣುವ ಅರೆಕಳಿತ ಗೊಬ್ಬರವೂ ಬೇಡ.

48 ಗಿಡಗಳಿಗೆ ಸುಮಾರು 600ರಿಂದ 700 ಕಿ.ಗ್ರಾಂ ಮಿಶ್ರಣ ಬೇಕಾಗುತ್ತದೆ. ನಮ್ಮ ಮಣ್ಣು ಹುಳಿ ಗುಣದ್ದಾದ್ದರಿಂದ ಈ ರಾಶಿಗೆ 1 ಕಿ.ಗ್ರಾಂ ಕೃಷಿ ಸುಣ್ಣ ಬೆರೆಸಬೇಕು. ಮಾರ್ಚ್ ಮೊದಲ ಭಾಗದಲ್ಲಿಯೇ ಮಿಶ್ರಣವನ್ನು ಅಂಗಳದಲ್ಲಿ ಅರ್ಧ ಅಡಿ ದಪ್ಪಕ್ಕೆ ಹರಡಿ, ನೀರು ಚಿಮುಕಿಸಿ, ತೆಳು ಪಾರದರ್ಶಕ ಪಾಲಿಥಿನ್ ಹಾಳೆಯಿಂದ ಮುಚ್ಚಿ, ಅಂಚುಗಳಿಗೆ ಮಣ್ಣು ಹೇರಿ 30ರಿಂದ 40 ದಿನ ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯ ಅಡಿಯಲ್ಲಿ ಮಣ್ಣು ಹೆಚ್ಚು ಕಾಯುತ್ತದೆ. ಇದರಿಂದ ರೋಗಾಣು, ಜಂತುಹುಳು, ಕಳೆಬೀಜ ಗಣನೀಯವಾಗಿ ಕಡಿಮೆಯಾಗುತ್ತವೆ. ಸಂಪೂರ್ಣ ನಾಶವಾಗುತ್ತವೆ ಎಂದು ಮಾತ್ರ ನಂಬಬಾರದು.

ಹಾಳೆ ತೆಗೆದ ಮೇಲೆ 5 ಕಿ.ಗ್ರಾಂ ಬೇವಿನ ಹಿಂಡಿ ಬೆರೆಸಬೇಕು. ಟ್ರೈಕೋಡರ್ಮಾ ಸೇರಿಸುವುದೂ ಆಮೇಲೆಯೇ. ಮೊದಲೇ ಹಾಕಿದರೆ ಆ ಬಿಸಿಗೆ ಅದೂ ಸಾಯುತ್ತದೆ. 25 ಕಿ.ಗ್ರಾಂ ತೇವದ ಗೊಬ್ಬರಕ್ಕೆ ಕಾಲು ಕಿ.ಗ್ರಾಂ ಟ್ರೈಕೋಡರ್ಮಾ ಕಲಸಿ, ನೆರಳಿನಲ್ಲಿ ಗೋಣಿ ಮುಚ್ಚಿ ಎರಡು ವಾರ ಇಟ್ಟು ಮಿಶ್ರಣಕ್ಕೆ ಸೇರಿಸಿದರೆ ಫಲ ಹೆಚ್ಚು. ಖಾಲಿ ಗೊಬ್ಬರದ ಚೀಲಗಳನ್ನು ಚೆನ್ನಾಗಿ ತೊಳೆದು, ಬಾಯಿ ಮಡಚಿ, ಬುಡದಲ್ಲಿ ಆರೆಂಟು ತೂತು ಮಾಡಿ ತಲಾ 13-14 ಕಿ.ಗ್ರಾಂ ತುಂಬಬಹುದು. ಚೀಲ ನೆಲಕ್ಕೆ ತಾಗದಂತೆ ಕೆಳಗೆ ಎರಡು ದಬ್ಬೆ ಅಥವಾ ಇಟ್ಟಿಗೆ ಇಡಬೇಕು.

ಬಿತ್ತನೆ: ಅಶ್ವಿನಿ-ಭರಣಿಯಲ್ಲಿ

ಬಿತ್ತುವ ದಿನವೇ ಅರ್ಧ ಬೆಳೆಯನ್ನು ತೀರ್ಮಾನಿಸುತ್ತದೆ. ಮಳೆ ಬಿದ್ದ ಮೇಲೆ ಬಿತ್ತೋಣ ಎಂದು ಜೂನ್ ತನಕ ಕಾದರೆ, ಮೋಡದ ಮಂಕು ಬೆಳಕಿನಲ್ಲಿ ಸಸಿ ಸಣಕಲಾಗಿ ಉದ್ದಕ್ಕೆ ಎಳೆದು ಬೀಳುತ್ತದೆ. ಏಪ್ರಿಲ್ ಮಧ್ಯದಿಂದ ತಿಂಗಳ ಕೊನೆಯೊಳಗೆ ಬಿತ್ತಿದರೆ ಸಸಿಗೆ ನಲವತ್ತು ದಿನ ಒಳ್ಳೆಯ ಬೆಳಕು ಸಿಕ್ಕಿ, ಮೃಗಶಿರಾ ಮಳೆಯ ಹೊತ್ತಿಗೆ ಕಾಂಡ ಗಟ್ಟಿಯಾಗಿರುತ್ತದೆ.

ಒಂದು ಗ್ರಾಂ ತೂಕದಲ್ಲಿ ಸುಮಾರು 150 ಬೀಜಗಳಿರುತ್ತವೆ. 48 ಗಿಡಕ್ಕೆ 70 ಬೀಜ, ಅಂದರೆ ಅರ್ಧ ಗ್ರಾಂ ಸಾಕು. ಬೀಜಕ್ಕೆ ಟ್ರೈಕೋಡರ್ಮಾ ಪುಡಿಯನ್ನು ಕಿ.ಗ್ರಾಂಗೆ 10 ಗ್ರಾಂ ಪ್ರಮಾಣದಲ್ಲಿ ಲೇಪಿಸುವುದು ಶಿಫಾರಸು. ಅರ್ಧ ಗ್ರಾಂ ಬೀಜಕ್ಕೆ ಬೆರಳ ತುದಿಯಲ್ಲಿ ಅಂಟುವಷ್ಟು ಪುಡಿಯನ್ನು ಒಂದು ಹನಿ ಗಂಜಿಯಲ್ಲಿ ಕಲಸಿ ಹಚ್ಚಿದರಾಯಿತು.

ತೆಂಗಿನ ನಾರಿನ ಪುಡಿ ತುಂಬಿದ 98 ಗುಳಿಗಳ ಪ್ರೋಟ್ರೇ ಅತ್ಯುತ್ತಮ. ಇಲ್ಲದಿದ್ದರೆ ಬುಡದಲ್ಲಿ ತೂತು ಮಾಡಿದ ಹಾಳೆ ದೊನ್ನೆಗಳನ್ನು ಬಳಸಬಹುದು. ಗುಳಿಗೊಂದರಂತೆ ಬೀಜವನ್ನು ಅರ್ಧ ಸೆಂ.ಮೀ. ಆಳಕ್ಕಿಟ್ಟು ನಾರಿನ ಪುಡಿಯಿಂದ ಮುಚ್ಚಿ, ಹನಿ ನೀರು ಕೊಡಬೇಕು. ಮೊಳೆಯಲು 25ರಿಂದ 30 ಡಿಗ್ರಿ ಉಷ್ಣತೆ ಹಿತ. ಏಪ್ರಿಲ್ ಮಧ್ಯಾಹ್ನ ಪ್ಲಾಸ್ಟಿಕ್ ಚಾವಣಿಯ ಕೆಳಗೆ ಇದಕ್ಕಿಂತ ಬಹಳ ಹೆಚ್ಚು ಬಿಸಿ ಇರುವುದರಿಂದ, ಟ್ರೇಗಳನ್ನು ಮೊದಲ ವಾರ ಮನೆಯ ಜಗುಲಿಯಲ್ಲಿ ಗೋಣಿ ಮುಚ್ಚಿ ಇಡುವುದು ಕ್ಷೇಮ. ಐದನೆಯ ದಿನದಿಂದ ಪ್ರತಿದಿನ ಬೆಳಿಗ್ಗೆ ಗೋಣಿ ಎತ್ತಿ ನೋಡಬೇಕು. ಮೊದಲ ಮೊಳಕೆ ಕಂಡ ದಿನವೇ ಬೆಳಕಿಗೆ ಒಯ್ಯಬೇಕು. ಒಂದು ದಿನ ಮರೆತರೂ ಸಸಿ ಸಣಕಲಾಗುತ್ತದೆ. ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ಎಲ್ಲ ಮೊಳೆಯುತ್ತವೆ.

ಸಸಿ ಸಾಯುವ ರೋಗಕ್ಕೆ ಮುಖ್ಯ ಕಾರಣ ಅತಿ ನೀರು. ಸಂಜೆ ನೀರು ಕೊಡಬಾರದು. ಬೆಳಿಗ್ಗೆ ಮಾತ್ರ, ಅದೂ ಮೇಲ್ಪದರ ಒಣಗಿದಾಗ. ಬುಡ ಮೆತ್ತಗಾಗಿ ಸಸಿ ಬೀಳುವುದು ಕಂಡರೆ ಒಂದು ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡ ನೆನೆಸಬೇಕು. ಇಪ್ಪತ್ತನೆಯ ದಿನ ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ 2 ಗ್ರಾಂನಂತೆ ಒಮ್ಮೆ ಕೊಡಬಹುದು. ನಾಟಿಗೆ ಒಂದು ವಾರ ಮುಂಚಿನಿಂದ ನೀರು ತಗ್ಗಿಸಿ ಸಸಿಯನ್ನು ಗಟ್ಟಿಗೊಳಿಸಬೇಕು.

ನಾಟಿ ಮತ್ತು ಆರೈಕೆ

35ರಿಂದ 45 ದಿನದ, ಐದಾರು ಎಲೆಗಳ ಸಸಿಯನ್ನು ರೋಹಿಣಿ ಮಳೆಯ ಅವಧಿಯಲ್ಲಿ ಸಂಜೆಯ ಹೊತ್ತು ಚೀಲಕ್ಕೊಂದರಂತೆ ನೆಡಬೇಕು. ಟ್ರೇಯಲ್ಲಿ ಇದ್ದಷ್ಟೇ ಆಳ ಸಾಕು. ನಡುವೆ ಎರಡು ಅಡಿ ದಾರಿ ಬಿಟ್ಟು, ಎರಡು ಕಡೆಗೂ ಜೋಡಿ ಸಾಲಿನಲ್ಲಿ, ಚೀಲದಿಂದ ಚೀಲಕ್ಕೆ ಒಂದೂವರೆ ಅಡಿ ಅಂತರವಿಟ್ಟರೆ 20 ಅಡಿಯ ಮನೆಯಲ್ಲಿ ಸಾಲಿಗೆ 12ರಂತೆ ನಾಲ್ಕು ಸಾಲಿಗೆ 48 ಗಿಡ ಹಿಡಿಯುತ್ತವೆ.

ನೀರು: ಹೊರಗೆ ಧೋ ಎಂದು ಮಳೆ ಸುರಿಯುತ್ತಿರುವಾಗ ಒಳಗಿನ ಗಿಡಕ್ಕೆ ಬಾಯಾರಿಕೆಯಾದೀತೆಂದು ಯಾರಿಗೂ ತೋಚುವುದಿಲ್ಲ. ಹಾಗೆ ಮರೆತು ಒಣಗಿಸಿದವರೂ ಇದ್ದಾರೆ, ದಿನವೂ ಸುರಿದು ಕೊಳೆಸಿದವರೂ ಇದ್ದಾರೆ. ಬೆರಳನ್ನು ಎರಡು ಅಂಗುಲ ಆಳಕ್ಕೆ ಚುಚ್ಚಿ ನೋಡಿ, ತೇವ ತಗಲದಿದ್ದರೆ ಮಾತ್ರ ಕೊಡಬೇಕು. ಜಡಿಮಳೆಯ ದಿನಗಳಲ್ಲಿ ಎರಡು-ಮೂರು ದಿನಕ್ಕೊಮ್ಮೆ ಸಾಕಾಗಬಹುದು. ತೋಟದ ಬಸಿಗಾಲುವೆಯ ನೀರು ಬೇಡವೇ ಬೇಡ. ಅದು ಸೊರಗು ರೋಗದ ದಾರಿ. ಬಾವಿಯ ಅಥವಾ ಚಾವಣಿಯ ನೀರನ್ನೇ ಬಳಸಬೇಕು.

ಗೊಬ್ಬರ: ನಾಟಿಯಾದ ಮೂರನೆಯ ವಾರದಿಂದ 19:19:19 ಗೊಬ್ಬರವನ್ನು ಲೀಟರಿಗೆ 3 ಗ್ರಾಂನಂತೆ ಕರಗಿಸಿ ಗಿಡಕ್ಕೆ ಅರ್ಧ ಲೀಟರ್, ವಾರಕ್ಕೊಮ್ಮೆ. ಹೂ ಬಂದ ಮೇಲೆ ಒಂದು ವಾರ ಇದನ್ನು, ಮರುವಾರ ಕ್ಯಾಲ್ಸಿಯಂ ನೈಟ್ರೇಟನ್ನು ಲೀಟರಿಗೆ 2 ಗ್ರಾಂನಂತೆ ಕೊಡಬೇಕು. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಬೆರೆಸಬಾರದು. ಕಾಯಿಯ ತುದಿ ಕಂದಾಗಿ ಗುಳಿ ಬಿದ್ದರೆ ಅದು ರೋಗವಲ್ಲ. ಸುಣ್ಣದಂಶದ ಕೊರತೆ ಅಥವಾ ನೀರಿನ ಏರುಪೇರು ಕಾರಣ.

ಸವರುವಿಕೆ: ಕಾಂಡ ಮೊದಲು ಕವಲೊಡೆಯುವ ಜಾಗದ ಹೂವನ್ನು ಚಿವುಟಿ ಹಾಕಬೇಕು. ಅದನ್ನು ಬಿಟ್ಟರೆ ಗಿಡ ಬೆಳೆಯುವುದನ್ನು ನಿಲ್ಲಿಸಿ ಒಂದು ಕಾಯಿಗೆ ಶಕ್ತಿಯನ್ನೆಲ್ಲ ಕೊಡುತ್ತದೆ. ಎರಡು ಅಥವಾ ನಾಲ್ಕು ಕವಲುಗಳನ್ನು ಉಳಿಸಿ, ಬಾಳೆ ನಾರಿನಿಂದ ಮೇಲಿನ ದಬ್ಬೆಗೆ ಸಡಿಲವಾಗಿ ಕಟ್ಟಬೇಕು. ಈ ಹೂವು ತನ್ನ ಪರಾಗದಿಂದಲೇ ಕಾಯಿ ಕಚ್ಚುತ್ತದೆ. ಬಲೆಯೊಳಗೆ ಗಾಳಿ ಕಡಿಮೆಯಾದ್ದರಿಂದ ಬೆಳಿಗ್ಗೆ 9ರಿಂದ 11ರ ನಡುವೆ ದಾರವನ್ನು ಮೆಲ್ಲಗೆ ತಟ್ಟಿದರೆ ಅನುಕೂಲ.

ರೋಗ ಮತ್ತು ಕೀಟ

ಸೊರಗು ರೋಗದ ಪರೀಕ್ಷೆ: ಬಾಡಿದ ಗಿಡದ ಬುಡದ ಕಾಂಡವನ್ನು ಒಂದು ಗೇಣು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಅದ್ದಿ ಹಿಡಿಯಬೇಕು. ಐದು ನಿಮಿಷದೊಳಗೆ ಹಾಲಿನಂಥ ಬಿಳಿ ಎಳೆ ಇಳಿದರೆ ಅದು ದುಂಡಾಣು ಸೊರಗು. ಆ ಚೀಲವನ್ನು ಮಣ್ಣಿನ ಸಮೇತ ದೂರ ಸಾಗಿಸಿ ಗಿಡವನ್ನು ಸುಡಬೇಕು. ಮಣ್ಣನ್ನು ತೋಟಕ್ಕೆ ಎಸೆಯಬಾರದು. ಕೈ, ಕತ್ತರಿಗಳನ್ನು ಸೋಪಿನಲ್ಲಿ ತೊಳೆಯಬೇಕು. ಬಿಳಿ ಎಳೆ ಬಾರದೆ ಬುಡದ ತೊಗಟೆ ಕಪ್ಪಾಗಿದ್ದರೆ ಅದು ನೀರು ನಿಂತು ಬಂದ ಕೊಳೆ. ಉಳಿದ ಚೀಲಗಳ ತೂತುಗಳನ್ನು ಪರೀಕ್ಷಿಸಿ, ತಾಮ್ರದ ಆಕ್ಸಿಕ್ಲೋರೈಡ್ ದ್ರಾವಣದಿಂದ ಬುಡ ನೆನೆಸಬೇಕು. ತಾಮ್ರ ಕೊಟ್ಟ ಚೀಲಕ್ಕೆ ಹದಿನೈದು ದಿನ ಟ್ರೈಕೋಡರ್ಮಾ ಕೊಡಬಾರದು.

ಎಲೆ ಮುಟುರು: ಎಲೆಯ ಅಂಚು ಮೇಲಕ್ಕೆ ಮಡಚಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಥ್ರಿಪ್ಸ್‌ಗೆ ಲೀಟರಿಗೆ 3ರಿಂದ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದೊಂದಿಗೆ ಎಲೆಯ ಅಡಿಭಾಗ ತೊಯ್ಯುವಂತೆ ಸಿಂಪಡಿಸಬೇಕು. ಮೈಟ್ ನುಸಿಗೂ ಬೂದಿ ರೋಗಕ್ಕೂ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ. ಎಣ್ಣೆ ಸಿಂಪಡಿಸಿದ ಮೂರು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ಬಸವನಹುಳು: ರಾತ್ರಿ ನೆನೆಸಿದ ಗೋಣಿಯನ್ನು ದಾರಿಯಲ್ಲಿ ಹಾಸಿ, ಬೆಳಿಗ್ಗೆ ಅದರಡಿ ಸೇರಿದ ಹುಳುಗಳನ್ನು ಆರಿಸಿ ಉಪ್ಪುನೀರಿಗೆ ಹಾಕಬೇಕು.

ಬೋರ್ಡೋ ದ್ರಾವಣದ ಎಚ್ಚರ: ಅಡಿಕೆ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ ಅಭ್ಯಸಿಸಿದ ಡಾ. ಲೆಸ್ಲಿ ಕೋಲ್ಮನ್ ಅವರು 1910ರಷ್ಟು ಹಿಂದೆಯೇ ಆ ಕುರಿತು ಬರೆದರು. ಅಂದಿನಿಂದ ಬೋರ್ಡೋ ನಮ್ಮ ತೋಟಗಳ ರಕ್ಷಕ. ಆದರೆ ಕೊನೆಗೆ ಹೊಡೆಯುವ ಶೇಕಡಾ 1ರ ದ್ರಾವಣ ಗಾಳಿಯಲ್ಲಿ ತೇಲಿಬಂದು ದೊಣ್ಣೆ ಮೆಣಸಿನ ಎಳೆ ಎಲೆಗಳನ್ನು ಸುಡಬಹುದು. ಔಷಧಿ ಹೊಡೆಯುವ ದಿನ ತೋಟದ ಕಡೆಯ ಪರದೆ ಇಳಿಸಬೇಕು.

ಮಂಗ ಮತ್ತು ಇಲಿ: ಮೆಣಸಿನ ಖಾರ ಪ್ರಾಣಿಗಳ ಬಾಯಿ ಸುಡುತ್ತದೆ, ಹಕ್ಕಿಗಳಿಗೆ ತಿಳಿಯುವುದಿಲ್ಲ. ಆದ್ದರಿಂದಲೇ ಹಿತ್ತಲಿನ ಸೂಜಿಮೆಣಸನ್ನು ಹಕ್ಕಿ ತಿಂದು ಬೀಜ ಹರಡುತ್ತದೆ, ಮಂಗ ಮುಟ್ಟುವುದಿಲ್ಲ. ದೊಣ್ಣೆ ಮೆಣಸಿಗೆ ಆ ರಕ್ಷಣೆ ಇಲ್ಲ. ಖಾರವಿಲ್ಲದ ಕಾಯಿಗೆ ಕಾವಲು ಬೇಕು. ಬಲೆಯ ಕೆಳ ಅಂಚನ್ನು ಭದ್ರವಾಗಿ ಬಿಗಿದು, ಬಾಗಿಲನ್ನು ಸದಾ ಮುಚ್ಚಿರಬೇಕು.

ಕೊಯ್ಲು ಮತ್ತು ಇಳುವರಿ

ನಾಟಿಯಾದ 60ರಿಂದ 75 ದಿನಕ್ಕೆ, ಅಂದರೆ ಆಶ್ಲೇಷ ಮಳೆಯ ಸುಮಾರಿಗೆ ಮೊದಲ ಕೊಯ್ಲು ಸಿಗುತ್ತದೆ. ಕಾಯಿ ಪೂರ್ಣ ಗಾತ್ರಕ್ಕೆ ಬಂದು ಹೊಳಪಾಗಿ, ಒತ್ತಿದರೆ ಗಟ್ಟಿಯಾಗಿರುವಾಗ ತೊಟ್ಟಿನ ಸಮೇತ ಕತ್ತರಿಯಿಂದ ಕೊಯ್ಯಬೇಕು. ಕಿತ್ತರೆ ಕವಲು ಮುರಿಯುತ್ತದೆ. ಗಾಯವಾದ ಜಾಗದಿಂದ ಕೊಳೆ ಹಿಡಿಯುತ್ತದೆ. ವಾರಕ್ಕೊಮ್ಮೆ ಕೊಯ್ಯುತ್ತಿದ್ದರೆ ಹೊಸ ಹೂ ಬರುತ್ತಿರುತ್ತದೆ. ಒಳ್ಳೆಯ ಆರೈಕೆಯಲ್ಲಿ ಗಿಡವೊಂದರಿಂದ 1ರಿಂದ 1.5 ಕಿ.ಗ್ರಾಂ ನಿರೀಕ್ಷಿಸಬಹುದು. 48ರಲ್ಲಿ 40 ಗಿಡ ಉಳಿದರೂ 40ರಿಂದ 60 ಕಿ.ಗ್ರಾಂ ಆಯಿತು. ಒಂದು ಮನೆಗೆ ಇದು ಧಾರಾಳ. ಮಿಕ್ಕಿದ್ದನ್ನು ನೆರೆಮನೆಗೋ, ಸಂತೆಗೋ ಕೊಡಬಹುದು.

ಮಳೆ ನಿಂತ ಮೇಲೆ ಚೀಲಗಳನ್ನು ಹೊರಗಿಟ್ಟಾಗ ಮೊದಲ ಐದಾರು ದಿನ ಮಧ್ಯಾಹ್ನದ ಬಿಸಿಲಿಗೆ ತೆಳು ನೆರಳು ಮಾಡಬೇಕು. ಮಂಕು ಬೆಳಕಿಗೆ ಒಗ್ಗಿದ ಕಾಯಿ ಹಠಾತ್ ಬಿಸಿಲಿಗೆ ಬೆಳ್ಳಗೆ ಸುಟ್ಟ ಕಲೆ ಬೀಳುತ್ತದೆ.

ಮುಂದಿನ ವರ್ಷಕ್ಕೆ ಬೀಜ: ಖಾರ ಎಲ್ಲಿಂದ ಬರುತ್ತದೆ?

“ಸಾರ್, ಹೋದ ವರ್ಷ ದೊಣ್ಣೆ ಮೆಣಸು ಖಾರ ಇರಲಿಲ್ಲ, ಅದರದ್ದೇ ಬೀಜ ಹಾಕಿದೆ, ಈ ವರ್ಷ ಬಾಯಿಗಿಡಲಾಗದಷ್ಟು ಖಾರ” ಎಂದು ದೂರುವವರಿದ್ದಾರೆ. ಮಣ್ಣನ್ನೋ, ಗೊಬ್ಬರವನ್ನೋ ದೂಷಿಸುವವರೂ ಇದ್ದಾರೆ. ಕಾರಣ ಬೇರೆ ಇದೆ.

ಖಾರದ ಅಂಶ ತಯಾರಾಗುವುದು ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಅದನ್ನು ಅಳೆಯುವ ವಿಧಾನವನ್ನು ಅಮೆರಿಕದ ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದರು. ಆ ಅಳತೆಯಲ್ಲಿ ದೊಣ್ಣೆ ಮೆಣಸಿನಕಾಯಿಯದು ಸೊನ್ನೆ. ಖಾರದ ಗುಣ ಪ್ರಬಲ, ಖಾರವಿಲ್ಲದ ಗುಣ ದುರ್ಬಲ. ಹಿತ್ತಲಲ್ಲಿ ಖಾರದ ಹಸಿಮೆಣಸಿನ ಗಿಡವಿದ್ದು, ಅದರ ಪರಾಗವನ್ನು ಜೇನೋ ಇರುವೆಯೋ ದೊಣ್ಣೆ ಮೆಣಸಿನ ಹೂವಿಗೆ ತಂದರೆ ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಅದು ತಾಯಿಗಿಡದಂತೆಯೇ ಇರುತ್ತದೆ. ಆದರೆ ಅದರೊಳಗಿನ ಬೀಜ ಬೆರಕೆಯಾಗಿರುತ್ತದೆ. ಆ ಬೀಜದಿಂದ ಬಂದ ಗಿಡಗಳೆಲ್ಲ ಮರುವರ್ಷ ಖಾರದ ಕಾಯಿ ಬಿಡುತ್ತವೆ. ಅವುಗಳ ಮರುಪೀಳಿಗೆಯಲ್ಲಿ ಸರಿಸುಮಾರು ನಾಲ್ಕು ಗಿಡಕ್ಕೆ ಒಂದು ಮಾತ್ರ ಖಾರವಿಲ್ಲದ್ದು.

ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಬೇರೆ ಮೆಣಸಿನಿಂದ 200 ಮೀಟರ್ ಅಂತರ ಕೇಳುತ್ತಾರೆ. ಹಿತ್ತಲಿನಲ್ಲಿ ಅದು ಅಸಾಧ್ಯ. ಬದಲಿಗೆ, ಆರೋಗ್ಯವಂತ ಗಿಡದ ನಾಲ್ಕು ಮೊಗ್ಗುಗಳಿಗೆ ಅರಳುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಗುರುತಿಗೆ ಬಣ್ಣದ ದಾರ ಕಟ್ಟಬೇಕು. ಈ ಕೆಲಸವನ್ನು ಮಳೆ ಹಿಂದೆಗೆದ ಮೇಲೆ ಬರುವ ಹೂಗಳಲ್ಲಿ ಮಾಡಿದರೆ ಹಣ್ಣು ಕೊಳೆಯದೆ ಪೂರ್ತಿ ಕೆಂಪಾಗುತ್ತದೆ. ಆಗ ಬೀಜ ತೆಗೆದು ನೆರಳಿನಲ್ಲಿ ಒಣಗಿಸಿ, ಒಣ ಬೂದಿಯ ಪೊಟ್ಟಣದೊಂದಿಗೆ ಗಾಜಿನ ಬಾಟಲಿಯಲ್ಲಿ ಭದ್ರವಾಗಿ ಮುಚ್ಚಿಡಬೇಕು. ನಮ್ಮ ತೇವದ ಹವೆಯಲ್ಲಿ ಕಾಗದದ ಪೊಟ್ಟಣದಲ್ಲಿಟ್ಟ ಬೀಜ ಒಂದೇ ಮಳೆಗಾಲದಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳಬಹುದು. ಸಂಕರಣ ತಳಿಯ ಬೀಜವನ್ನು ಮಾತ್ರ ಉಳಿಸಿ ಫಲವಿಲ್ಲ.

ಮಳೆ ನಕ್ಷತ್ರಕ್ಕೆ ತಕ್ಕ ಕೆಲಸದ ಪಟ್ಟಿ

ಮಾರ್ಚ್ ಮೊದಲ ಭಾಗ: ಮಣ್ಣಿನ ಮಿಶ್ರಣ, ಸುಣ್ಣ, ಹಾಳೆ ಮುಚ್ಚಿ ಬಿಸಿಲಿಗೆ ಕಾಯಿಸುವುದು.
ಅಶ್ವಿನಿ-ಭರಣಿ (ಏಪ್ರಿಲ್ 14ರ ನಂತರ): ಬಿತ್ತನೆ; ಬೇವಿನ ಹಿಂಡಿ, ಟ್ರೈಕೋಡರ್ಮಾ.
ಕೃತ್ತಿಕೆ (ಮೇ ಮಧ್ಯ): ಚಾವಣಿ ತೊಳೆಯುವುದು, ಪಕ್ಕದ ಹಾಳೆ ಬಿಚ್ಚುವುದು, ಬಲೆ ಕಟ್ಟುವುದು, ಬಸಿಗಾಲುವೆ.
ರೋಹಿಣಿ (ಮೇ ಕೊನೆ): ಚೀಲಗಳಿಗೆ ನಾಟಿ.
ಮೃಗಶಿರಾ-ಆರಿದ್ರಾ (ಜೂನ್): ಮೊದಲ ಹೂ ಚಿವುಟುವುದು, ದಾರ ಕಟ್ಟುವುದು, ಸೊರಗಿನ ಮೇಲೆ ಕಣ್ಣು.
ಪುನರ್ವಸು-ಪುಷ್ಯ (ಜುಲೈ): ಗಾಳಿ, ನೀರಿನ ಹದ, ಬಸವನಹುಳು.
ಆಶ್ಲೇಷದಿಂದ (ಆಗಸ್ಟ್): ವಾರಕ್ಕೊಮ್ಮೆ ಕೊಯ್ಲು.
ಚಿತ್ತೆಯ ನಂತರ (ಅಕ್ಟೋಬರ್ ಕೊನೆ): ಚೀಲಗಳನ್ನು ಹೊರಗಿಟ್ಟು ಅಡಿಕೆಗೆ ಜಾಗ, ಬೀಜಕ್ಕೆ ಮೊಗ್ಗು ಕಟ್ಟುವುದು.

ರೈತ ಬಾಂಧವರಲ್ಲಿ ಒಂದು ವಿನಂತಿ. ಮೊದಲ ವರ್ಷ 48 ಗಿಡ ಮೀರಬೇಡಿ. ಒಂದು ಮಳೆಗಾಲ ಚಾವಣಿ, ಗಾಳಿ, ನೀರು ಇವುಗಳ ಹದ ಕೈಗೆ ಹತ್ತಿದ ಮೇಲೆ ದೊಡ್ಡ ಪಾಲಿಹೌಸಿನ ವಿಚಾರ ಮಾಡಬಹುದು. ಹದ ತಿಳಿಯುವ ಮುಂಚೆ ಸಾಲ ಮಾಡಿ ಕಟ್ಟಿದರೆ ಗಿಡ ಹೋದಾಗ ಸಾಲ ಉಳಿಯುತ್ತದೆ. ಬಾಡಿದ ಗಿಡದ ಕಾರಣ ತಿಳಿಯದಿದ್ದಲ್ಲಿ ಗಿಡವನ್ನು ಬೇರಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗಾಗಲಿ, ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಒಯ್ದು ತೋರಿಸಿ. ವಿಸ್ತರಣಾ ಕಾರ್ಯಕರ್ತರು ಊರಿಗೊಂದು ಮನೆಯಲ್ಲಾದರೂ ಅಡಿಕೆ ಒಣಗಿಸುವ ಚಾವಣಿಯ ಕೆಳಗೆ ಇದನ್ನು ಮಾಡಿಸಿ ತೋರಿಸಿದರೆ, ಉಳಿದವರು ತಾವಾಗಿಯೇ ಕಲಿಯುತ್ತಾರೆ. ಹಿತ್ತಲಿನ ತರಕಾರಿಯನ್ನು ನೋಡಿಕೊಳ್ಳುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳಾದ್ದರಿಂದ, ಇಂಥ ಪ್ರಾತ್ಯಕ್ಷಿಕೆಗೆ ಅವರನ್ನೇ ಮೊದಲು ಕರೆಯುವುದು ಒಳಿತು.